ತವರಿಗೆ ಹೋದವರ ಉಸಿರು

ನಾಶಿಕದ ನಮ್ಮ ಓಣಿಯಲ್ಲಿ ನಾನು ಡಾಕ್ಟರೆಂದೇ ಹೆಸರಾದವಳು. ಅಲ್ಲವೆಂದು ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬೆಳಿಗ್ಗೆ ಹಾಲು ತರಲು ಹೋದರೆ ಒಬ್ಬರು ಮೊಣಕಾಲು ತೋರಿಸುತ್ತಾರೆ, ಇನ್ನೊಬ್ಬರು ನಾಲಿಗೆ ಚಾಚುತ್ತಾರೆ. ಎದುರುಮನೆಯ ಕಾಕೂ ಅವರನ್ನು ಒಮ್ಮೆ ಕೂರಿಸಿಕೊಂಡು ಬಿಡಿಸಿ ಹೇಳಿದೆ: ಸಂಶೋಧನೆ ಮಾಡಬೇಕೆನ್ನುವ ಡಾಕ್ಟರುಗಳಿಗೆ ಸರಕಾರದಿಂದ ಅನುದಾನ, ತರಬೇತಿ ಕೊಡಿಸುವ ಕಚೇರಿಯಲ್ಲಿ ನನ್ನ ನೌಕರಿ ಇತ್ತು, ಔಷಧಿ ಕೊಡುವುದು ನನಗೆ ಬರುವುದಿಲ್ಲ ಎಂದು. ಕಾಕೂ ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರೆ, ಡಾಕ್ಟರಿಗೂ ಇನ್ನೂ ಕಲಿಯೋದು ಉಳಿದಿರ್ತದಾ?" ಎಂದು ಗಾಬರಿಯಿಂದ ಕೇಳಿದರು. ಆ ವಾರವೇ ಅವರು ತಮ್ಮ ಡಾಕ್ಟರನ್ನು ಬದಲಾಯಿಸಿದರೆಂದು ಆಮೇಲೆ ಗೊತ್ತಾಯಿತು.

ಈಚೆಗೆ ನನ್ನ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಅವರ ಪ್ರಶ್ನೆ. ನೇಮಕಾತಿ ಪತ್ರದಲ್ಲಿ ಬರೆದಿರುವುದಕ್ಕೂ ಮೇಜಿನ ಮೇಲೆ ಬಂದು ಬೀಳುವುದಕ್ಕೂ ಸಂಬಂಧವೇ ಇಲ್ಲವೆಂದು ಒಂದೇ ತಿಂಗಳಲ್ಲಿ ಅವರಿಗೆ ತಿಳಿದುಹೋಗಿತ್ತು. ಅದಕ್ಕೇ ಬರೆಯಲು ಕುಳಿತೆ. ಇಬ್ಬರಲ್ಲಿ ಒಬ್ಬಳು ನಮ್ಮ ಧಾರವಾಡ ಕಡೆಯವರ ಮಗಳು. ನಾಶಿಕದಲ್ಲೇ ಬೆಳೆದವಳು, ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಅವಳಿಗೆ ಅವಳ ತಾಯಿ ಓದಿ ಹೇಳುತ್ತಾರಂತೆ, ಅವಳು ಇನ್ನೊಬ್ಬಳಿಗೆ ಮರಾಠಿಯಲ್ಲಿ ಹೇಳುತ್ತಾಳಂತೆ. ಸರಕಾರಿ ಕಾಗದ ಇದಕ್ಕಿಂತ ಹೆಚ್ಚು ಕೈ ದಾಟಿ ಹೋಗುವುದನ್ನು ನೋಡಿದ್ದೇನೆ, ಹಾಗಾಗಿ ನನಗೇನೂ ಚಿಂತೆಯಿಲ್ಲ.

ನಾನು ಗದಗ ಕಡೆಯವಳು. ಗಂಡ ಬ್ಯಾಂಕಿನವರು. ಅವರ ವರ್ಗಾವಣೆ ಹಿಂದೆ ನನ್ನದು, ನನ್ನದರ ಹಿಂದೆ ಅವರದು, ಹೀಗೆ ಓಡಿ ಓಡಿ ಕೊನೆಗೆ ಇಬ್ಬರೂ ನಾಶಿಕದಲ್ಲಿ ನಿಂತೆವು. ಕಚೇರಿ ಇಲ್ಲಿ, ಅದರ ಒಂದು ಮೇಜು ಸಂಭಾಜಿನಗರದ ಒಂದು ವೈದ್ಯಕೀಯ ಕಾಲೇಜಿನಲ್ಲಿ. ಎರಡೂ ಕಡೆ ನಾನೇ. ವಾರದಲ್ಲಿ ಅರ್ಧ ಬಸ್ಸಿನಲ್ಲಿ ಕಳೆಯಿತು. ನಡುವೆ ಸಂಭಾಜಿನಗರಕ್ಕೆ ಈ ಹೊಸ ಹೆಸರು ಬಂತು, ಬಸ್ಸಿನ ಫಲಕ ಬದಲಾಯಿತು, ನನ್ನ ಬಾಯಿಗೆ ಹೊಸ ಹೆಸರು ಹೊಂದಲು ಬಹಳ ಕಾಲ ಹಿಡಿಯಿತು. ನನ್ನ ಬಡ್ತಿಗಳ ಕತೆ ಇಲ್ಲಿ ಹೇಳುವುದಿಲ್ಲ. ಅವು ಬಂದಾಗ ನನಗೇ ಅಷ್ಟು ಕುತೂಹಲವಿರಲಿಲ್ಲ.

ಕೆಲಸದ ತಿರುಳು ಸರಳವಾದದ್ದು. ಒಬ್ಬ ಡಾಕ್ಟರು ದಿನವೂ ರೋಗಿಗಳನ್ನು ನೋಡುತ್ತಾರೆ. ನೋಡುತ್ತ ನೋಡುತ್ತ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯಲು ಶುರುವಾಗುತ್ತದೆ. ಅದಕ್ಕೆ ಉತ್ತರ ಹುಡುಕಲು ಸಮಯ ಬೇಕು, ಉಪಕರಣ ಬೇಕು, ಹೇಗೆ ಹುಡುಕಬೇಕೆಂದು ಕಲಿಸುವವರು ಬೇಕು. ಇವೆಲ್ಲಕ್ಕೂ ಸರಕಾರದ ಯೋಜನೆಗಳಿವೆ. ಹೊಸಬರಿಗೆ ಸಣ್ಣ ನೆರವು, ಪಳಗಿದವರಿಗೆ ದೊಡ್ಡದು. ಕಿರಿಯ ಡಾಕ್ಟರುಗಳಿಗೆ ತರಬೇತಿ ಫೆಲೋಶಿಪ್ ಎಂಬುದೊಂದಿದೆ: ವಾರ್ಡಿನ ಕೆಲಸದಿಂದ ಬಿಡಿಸಿ, ಸಂಬಳ ಕೊಟ್ಟು, ಅನುಭವಿ ಸಂಶೋಧಕರ ಕೈಕೆಳಗೆ ಕಲಿಯಲು ಕಳಿಸುತ್ತಾರೆ. ಇದು ದೊಡ್ಡ ದೊಡ್ಡ ಊರುಗಳ ದೊಡ್ಡ ದೊಡ್ಡವರಿಗೆ ಎಂದು ನಮ್ಮ ಕಡೆಯ ಡಾಕ್ಟರುಗಳು ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ನನ್ನ ಅರ್ಧ ನೌಕರಿ "ಇದು ನಿಮಗೂ ಇದೆ" ಎಂದು ಹೇಳುವುದರಲ್ಲೇ ಹೋಯಿತು.

ನನಗೆ ಈ ಕೆಲಸ ಕಲಿಸಿದವರು ಜೋಶಿ ಸಾಹೇಬರು, ನಮ್ಮ ಕಚೇರಿಯ ಮುಖ್ಯಸ್ಥರು. ಕೈಯಲ್ಲಿ ಸದಾ ಒಂದು ಕೆಂಪು ಪೆನ್ಸಿಲ್. 'ಅತ್ಯಂತ', 'ಅಭೂತಪೂರ್ವ', 'ಕ್ರಾಂತಿಕಾರಿ' ಇಂಥ ಪದ ಕಂಡರೆ ಸೊಳ್ಳೆ ಹೊಡೆದಂತೆ ಹೊಡೆಯುತ್ತಿದ್ದರು. ಅವರ ಹತ್ತಿರ ಒಂದು ಪ್ರಶ್ನೆ ಇತ್ತು. ಯಾರೇ ಯೋಜನೆ ತಂದರೂ ಎಲ್ಲ ಕೇಳಿಸಿಕೊಂಡು, ಕನ್ನಡಕ ತೆಗೆದು, "ಸರಿ, ಮಂಜೂರಾಯಿತು ಅಂದ್ಕೊಳ್ಳಿ. ನಾಳೆ ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತೀರಿ?" ಎಂದು ಕೇಳುತ್ತಿದ್ದರು. ಎಂಥೆಂಥ ಪ್ರಾಧ್ಯಾಪಕರು ಆ ಪ್ರಶ್ನೆಗೆ ತಬ್ಬಿಬ್ಬಾಗುವುದನ್ನು ನೋಡಿದ್ದೇನೆ. ಒಬ್ಬ ಶಸ್ತ್ರವೈದ್ಯರು ಇಡೀ ಮಹಾರಾಷ್ಟ್ರದ ಮಧುಮೇಹಿಗಳ ಕಾಲಿನ ಹುಣ್ಣನ್ನು ಅಧ್ಯಯನ ಮಾಡುತ್ತೇನೆಂದು ಬಂದಿದ್ದರು. ನಾಳೆ ಬೆಳಿಗ್ಗೆ ಏನು ಎಂದು ಸಾಹೇಬರು ಕೇಳಿದ ಮೇಲೆ ಮಹಾರಾಷ್ಟ್ರ ಜಿಲ್ಲೆಯಾಯಿತು, ಜಿಲ್ಲೆ ಆಸ್ಪತ್ರೆಯಾಯಿತು, ಕೊನೆಗೆ ಅವರದೇ ವಾರ್ಡಿಗೆ ಬಂದು ನಿಂತಿತು. ಸಿಟ್ಟಿನಿಂದ ಎದ್ದು ಹೋದರು. ಆದರೆ ಆ ಒಂದು ವಾರ್ಡಿನ ಅಧ್ಯಯನಕ್ಕೆ ಅನುದಾನ ಬಂತು, ಅದು ಮುಗಿಯಿತು ಕೂಡ. ಇಡೀ ಮಹಾರಾಷ್ಟ್ರವನ್ನು ಹಿಡಿದವರದು ಒಂದೂ ಮುಗಿದದ್ದು ನನಗೆ ನೆನಪಿಲ್ಲ.

ಆಗೆಲ್ಲ ಅರ್ಜಿಗಳು ಕಟ್ಟುಗಟ್ಟಲೆ ಪ್ರತಿಗಳಲ್ಲಿ ಹೋಗಬೇಕಿತ್ತು. ಒಮ್ಮೆ ಕೊನೆಯ ದಿನ ಹತ್ತಿರ ಬಂದು, ಅಂಚೆಯನ್ನು ನಂಬಲಾಗದೆ ನಾನೇ ಕಟ್ಟು ಹೊತ್ತು ಮುಂಬಯಿ ರೈಲು ಹತ್ತಿದೆ. ಮಳೆಗಾಲ. ಇಗತಪುರಿಯಲ್ಲಿ ಘಾಟಿನ ಹಳಿಯ ಮೇಲೆ ಮಣ್ಣು ಕುಸಿದು ರೈಲು ನಿಂತಿತು. ಅಲ್ಲಿಯ ಮಳೆ ಮೇಲಿನಿಂದ ಬೀಳುವುದಲ್ಲದೆ ಅಡ್ಡಡ್ಡಲಾಗಿಯೂ ಬೀಳುತ್ತದೆ. ಪ್ಲಾಟ್‌ಫಾರ್ಮಿಗೆ ಇಳಿದು ಚಹಾದ ಅಂಗಡಿಗೆ ಹೋಗುವುದರೊಳಗೆ ಕಟ್ಟು ತೊಯ್ದು ತೊಪ್ಪೆ. ರೈಲ್ವೆ ಕ್ಯಾಂಟೀನಿನವರಿಗೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ವಡೆ ಕರಿಯುವ ಒಲೆಯ ಸುತ್ತ ಹಗ್ಗ ಕಟ್ಟಿಕೊಟ್ಟರು. ಹೃದ್ರೋಗದ ಸಂಶೋಧನೆ ಹಾಳೆ ಹಾಳೆಯಾಗಿ ಹಗ್ಗದ ಮೇಲೆ ಒಣಗಿತು. ಪಾಳಿ ಮುಗಿಸಿ ಬಂದ ಗ್ಯಾಂಗ್‌ಮನ್‌ಗಳು ಚಹಾ ಕುಡಿಯುತ್ತ ಅದನ್ನು ಓದಲು ಪ್ರಯತ್ನಿಸಿದರು. ಅರ್ಜಿ ಹೇಗೋ ಸಮಯಕ್ಕೆ ಮುಟ್ಟಿತು. ತೆಗೆದುಕೊಂಡ ಗುಮಾಸ್ತರು ಮೂಸಿ ನೋಡಿ, "ಬಟಾಟೆ ವಡೆ ತಂದಿದ್ದೀರಾ ಮೇಡಂ?" ಎಂದರು. ಈಗ ಎಲ್ಲ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಹೋಗುತ್ತದೆ, ಕೊನೆಯ ದಿನ ಸಂಜೆ ಅದೂ ಘಾಟಿನ ರೈಲಿನಂತೆ ನಿಂತುಬಿಡುತ್ತದೆ. ಆದ್ದರಿಂದ ಒಂದು ವಾರ ಮುಂಚೆ ಕಳಿಸಿರಿ ಎಂಬ ಉಪದೇಶ ಅಂದಿನದೇ ಇಂದಿಗೂ ನಡೆಯುತ್ತದೆ.

ಸಾಹೇಬರು ಹಾಕಿಕೊಟ್ಟ ಇನ್ನೊಂದು ಪದ್ಧತಿ ತಾಲೀಮು. ಆಯ್ಕೆ ಸಮಿತಿಯ ಮುಂದೆ ಹೋಗುವ ಮೊದಲು ಪ್ರತಿ ಅಭ್ಯರ್ಥಿಯೂ ನಮ್ಮ ಕಚೇರಿಯಲ್ಲಿ ಒಂದು ಶನಿವಾರ ಮಧ್ಯಾಹ್ನ ನಮ್ಮೆದುರು ಮಾತಾಡಬೇಕು. ನಾವೇ ಸಮಿತಿ. ನಾನು ಸಿಡುಕಿನ ಸದಸ್ಯೆ. ಇದಕ್ಕಾಗಿ ನಾನು ವಿಶೇಷ ಅಭಿನಯವೇನೂ ಮಾಡಬೇಕಾಗಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಸಾಹೇಬರು ಮಾತ್ರ ಯಾವಾಗಲೂ ಕಣ್ಣು ಮುಚ್ಚಿ ಕೂರುವ ಸದಸ್ಯರ ಪಾತ್ರವನ್ನೇ ಆರಿಸಿಕೊಳ್ಳುತ್ತಿದ್ದರು. "ಪ್ರತಿ ಸಮಿತಿಯಲ್ಲೂ ಇಂಥವರು ಒಬ್ಬರಿರ್ತಾರೆ. ಮಲಗಿದ್ದಾರೆ ಅಂತ ತಿಳೀಬೇಡಿ. ನಿಮ್ಮ ಯೋಜನೆಯ ತೂತು ಎಲ್ಲಿದೆಯೋ ಅಲ್ಲಿಗೆ ಬಂದಾಗ ಕಣ್ಣು ಬಿಡ್ತಾರೆ" ಎನ್ನುತ್ತಿದ್ದರು. ಅವರು ನಿವೃತ್ತರಾದ ಮೇಲೂ ತಾಲೀಮು ನಿಲ್ಲಲಿಲ್ಲ. ನಾಳೆ ಬೆಳಿಗ್ಗೆ ಏನು ಮಾಡುತ್ತೀರಿ ಎಂದು ಕೇಳುವ ಅಧಿಕಾರ ನನಗೆ ಬಂತು.

ಆ ಪ್ರಶ್ನೆಗೆ ನಾನು ಕೇಳಿದ ಅತ್ಯುತ್ತಮ ಉತ್ತರ ಡಾಕ್ಟರ್ ವೈಶಾಲಿಯದು. ಈ ಬರಹದಲ್ಲಿ ಉಳಿದದ್ದೆಲ್ಲ ಅವಳದೇ ಕತೆ.

ವೈಶಾಲಿ ನಾಶಿಕ ಜಿಲ್ಲೆಯ ಸಟಾಣಾದ ದಾಳಿಂಬೆ ತೋಟದವರ ಮಗಳು, ಸಂಭಾಜಿನಗರದ ಕಾಲೇಜಿನಲ್ಲಿ ಶ್ವಾಸರೋಗ ವಿಭಾಗದ ಕಿರಿಯ ವೈದ್ಯೆ. ನನ್ನ ಜೊತೆ ಅವಳ ಮಾತೆಲ್ಲ ಮರಾಠಿಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಂಭಾಜಿನಗರದ ಅಂಚಿನ ಚಿಕಲಠಾಣಾದ ಕೈಗಾರಿಕಾ ವಸಾಹತಿನ ಸುತ್ತ ಕಟ್ಟಡಗಳು ಏಳುತ್ತಲೇ ಇರುತ್ತವೆ. ಸಿಮೆಂಟು ಕಲಸುವ, ನೆಲಕ್ಕೆ ಹಾಸುವ ಫರಶಿ ಕಲ್ಲು ಕೊಯ್ಯುವ ಕಡೆ ಕೆಲಸ ಮಾಡುವ ಹೆಂಗಸರು ಕೆಮ್ಮುತ್ತ ಅವಳ ಹತ್ತಿರ ಬರುತ್ತಿದ್ದರು. ಔಷಧಿ ಒಯ್ಯುತ್ತಿದ್ದರು, ಮತ್ತೆ ಕೆಮ್ಮುತ್ತ ಬರುತ್ತಿದ್ದರು. ಧೂಳು ಇವರ ಉಸಿರನ್ನು ಎಷ್ಟು ತಿನ್ನುತ್ತದೆ, ತಿಂದದ್ದು ತಿರುಗಿ ಬರುತ್ತದೆಯೇ ಎಂಬುದು ಅವಳ ಪ್ರಶ್ನೆ. ನಾನು ಎಂದಿನಂತೆ ನಾಳೆ ಬೆಳಿಗ್ಗೆ ಎಂದು ಶುರು ಮಾಡಿದೆ. "ಅವರ ಹತ್ತಿರ ಹೋಗಿ ಕೂರ್ತೀನಿ ಮೇಡಂ. ನನ್ನನ್ನ ನೋಡಿ ನಗೋದು ಮುಗಿಯೋವರೆಗೆ ಸುಮ್ಮನೆ ಕೂರ್ತೀನಿ. ಆಮೇಲೆ ಉಸಿರು ಅಳೆಯೋ ಯಂತ್ರ ಹೊರಗೆ ತೆಗೀತೀನಿ" ಎಂದಳು. ಆಕೆಯ ಮೇಲೆ ನನಗೆ ಅಲ್ಲಿಯೇ ಅಕ್ಕರೆ ಹುಟ್ಟಿತು.

ಆದರೆ ಅವಳಿಗೆ ಸಮಯವಿರಲಿಲ್ಲ. ತರಬೇತಿ ಫೆಲೋಶಿಪ್ಪಿಗೆ ವಯಸ್ಸಿನ ಮಿತಿಯಿದೆ. ಮುಂದಿನ ಸುತ್ತಿನ ಹೊತ್ತಿಗೆ ಅವಳು ಅದನ್ನು ದಾಟುತ್ತಿದ್ದಳು. ಈ ಸಲ ಆಗಬೇಕು, ಇಲ್ಲವೆಂದರೆ ಇಲ್ಲ. ಅವಳ ಅಪ್ಪ ಸಟಾಣಾದ ಬಸ್ ನಿಲ್ದಾಣದ ಹತ್ತಿರ ದವಾಖಾನೆಗೆ ಜಾಗ ಹಿಡಿದಿದ್ದರು, ಅವಳ ಹೆಸರಿನ ಬೋರ್ಡು ಬರೆಸಿ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದರು. ಒಳ್ಳೆಯ ಮನುಷ್ಯ. ಈ ಸಲ ಆಗದಿದ್ದರೆ ಊರಿಗೆ ಬಂದುಬಿಡು ಎಂದಿದ್ದರು, ಇವಳು ಒಪ್ಪಿದ್ದಳು. "ದವಾಖಾನೆ ಹಾಕೋದು ಕೆಟ್ಟದ್ದಲ್ಲ ಮೇಡಂ" ಎಂದು ನನಗೆ ಒಮ್ಮೆ ಹೇಳಿದಳು. "ಆದರೆ ಅಲ್ಲಿ ಕೂತರೆ ಜೀವನ ಪೂರ್ತಿ ಕೆಮ್ಮಿಗೆ ಔಷಧಿ ಬರೀತೀನಿ. ಕೆಮ್ಮು ಎಲ್ಲಿಂದ ಬಂತು ಅಂತ ಹೋಗಿ ನೋಡೋದು ನನ್ನಿಂದ ಆಗೋದಿಲ್ಲ."

ಸಮಿತಿಯ ಮುಂದೆ ಬರಿಗೈಯಲ್ಲಿ ಹೋಗುವಂತಿಲ್ಲ. ಒಂದು ಸಣ್ಣ ಪ್ರಯೋಗವನ್ನಾದರೂ ಮಾಡಿ ತೋರಿಸಬೇಕು. ಹೊಸಬರ ಸಣ್ಣ ನೆರವಿನಲ್ಲಿ ಅದಕ್ಕೆ ದಾರಿಯಾಯಿತು, ಜನರ ಮೇಲೆ ಅಧ್ಯಯನ ಮಾಡಲು ಬೇಕಾದ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆಯೂ ಸಿಕ್ಕಿತು. ಚಿಕಲಠಾಣಾದ ಒಂದು ಕಟ್ಟಡದ ಕೆಲಸದಲ್ಲಿದ್ದ ಹೆಂಗಸರನ್ನು ಆರಿಸಿಕೊಂಡಳು. ಎಲ್ಲರೂ ಉತ್ತರ ಕರ್ನಾಟಕದವರು, ಕೊಪ್ಪಳ, ಯಾದಗಿರಿ ಕಡೆಯವರು. ಮುಂಗಾರಿನ ಆರಂಭದಲ್ಲಿ ಒಂದು ಸಲ ಉಸಿರು ಅಳೆಯುವುದು, ಶ್ರಾವಣದಲ್ಲಿ ಇನ್ನೊಂದು ಸಲ ಅಳೆಯುವುದು, ಅಷ್ಟರಲ್ಲಿ ಎಷ್ಟು ಇಳಿಯಿತೆಂದು ನೋಡುವುದು ಅವಳ ಯೋಜನೆ. ಭಾಷೆಗೆ ಜೊತೆಗಿರಿ ಎಂದು ನನ್ನನ್ನು ಕರೆದಳು. ಇದು ನನ್ನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಎಳೆಯರೇ, ಪಟ್ಟಿಯಲ್ಲಿ ಇಲ್ಲದ ಕೆಲಸಗಳಿಂದಲೇ ನನಗೆ ಈ ನೌಕರಿಯ ಸುಖ ಸಿಕ್ಕಿದ್ದು.

ಯಂತ್ರವೆಂದರೆ ಒಂದು ಪ್ಲಾಸ್ಟಿಕ್ ಕೊಳವೆ. ಎದೆ ತುಂಬ ಉಸಿರು ಎಳೆದುಕೊಂಡು ಒಮ್ಮೆಲೇ ಜೋರಾಗಿ ಊದಿದರೆ ಅದರ ಮೇಲಿನ ಮುಳ್ಳು ಮುಂದೆ ಸರಿಯುತ್ತದೆ. ಇಷ್ಟು ಸುಲಭದ ಕೆಲಸ ಆ ಹೆಂಗಸರಿಗೆ ನಗುವಿನಿಂದಾಗಿ ಆಗಲೊಲ್ಲದು. ಒಬ್ಬಳು ಊದಲು ಬಾಯಿ ಇಟ್ಟರೆ ಉಳಿದವರು ಕಿಸಕ್ಕೆನ್ನುವರು, ಊದುವವಳಿಗೂ ನಗು ಬಂದು ಉಸಿರೆಲ್ಲ ಸೋರಿಹೋಗುವುದು. ಮೇಸ್ತ್ರಿ ಆ ಕಡೆ ಸುಳಿದರೆ ಸೆರಗು ಬಾಯಿಗೆ ಬರುವುದು, ಕೊಳವೆ ಸೆರಗಿನೊಳಗೆ ಮುಚ್ಚಿಹೋಗುವುದು. ಕೊನೆಗೆ ಮೇಸ್ತ್ರಿಯನ್ನು ಗೇಟಿನ ಆಚೆ ಕಳಿಸಿ, "ಹಸೀ ಕಟಿಗಿ ಹಾಕೇರಿ, ಒಲಿ ಹತ್ತವಲ್ತು, ಹಂಗ ಊದ್ರಿ" ಎಂದೆ. ಅದು ಅವರಿಗೆ ಹಿಡಿಸಿತು. ಮೊದಲು ಸರಿಯಾಗಿ ಊದಿದವಳು ಯಲ್ಲವ್ವ. ನಡುವಯಸ್ಸಿನವಳು, ಗುಂಪಿನಲ್ಲಿ ಹಿರಿಯಳು, ಫರಶಿ ಕೊಯ್ಯುವ ಯಂತ್ರದ ಬದಿಯಲ್ಲೇ ಅವಳ ಕೆಲಸ. ಅವಳ ಮುಳ್ಳು ಎಲ್ಲರಿಗಿಂತ ಹಿಂದೆ ನಿಂತಿತು. ಅವಳು ಅದನ್ನು ನೋಡಿ, "ನನ್ನ ಒಲಿ ಹತ್ತೂದಿಲ್ ಬಿಡ್ರಿ ಬಾಯಾರ" ಎಂದು ನನ್ನ ಕಡೆ ತಿರುಗಿ ತಾನೇ ನಕ್ಕಳು. ವೈಶಾಲಿ ನಗಲಿಲ್ಲ.

ಇನ್ನು ಎಡವಟ್ಟಿಗೆ ಬರುತ್ತೇನೆ. ಎರಡನೇ ಅಳತೆಯ ದಿನ ಗೊತ್ತು ಮಾಡುವಾಗ ವೈಶಾಲಿ, ಅವಳ ವಿಭಾಗದ ಮುಖ್ಯಸ್ಥರು, ನಾನು, ಮೂವರೂ ಕೂತು ಪಂಚಾಂಗ ನೋಡಿದ್ದೆವು. ಎತ್ತುಗಳ ಪೋಳಾ ಹಬ್ಬ ಬಿಟ್ಟೆವು, ಗಣಪತಿ ಬಿಟ್ಟೆವು, ಕಾಲೇಜಿನ ಪರೀಕ್ಷೆ ಬಿಟ್ಟೆವು. ನಾಗರಪಂಚಮಿ ಕಣ್ಣಿಗೆ ಬಿದ್ದಿತ್ತು. ಮಹಾರಾಷ್ಟ್ರದಲ್ಲಿ ಅದು ಒಂದು ಹೊತ್ತಿನ ಪೂಜೆ, ಅದಕ್ಕಾಗಿ ಯಾರೂ ಕೆಲಸ ಬಿಟ್ಟು ಹೋಗುವುದಿಲ್ಲ. ಅವರಿಬ್ಬರು ದಾಟಿ ಹೋದರು, ಅವರ ಹಿಂದೆ ನಾನೂ ದಾಟಿ ಹೋದೆ. ಉಂಡಿ, ಜೋಕಾಲಿ, ತವರು ಅಂತ ಬೆಳೆದ ಗದಗಿನ ಹೆಣ್ಣುಮಗಳು ನಾನು!

ಗೊತ್ತು ಮಾಡಿದ ದಿನ ಹೋದರೆ ತಗಡಿನ ಶೆಡ್ಡುಗಳು ಅರ್ಧಕ್ಕರ್ಧ ಖಾಲಿ. ಬಾಗಿಲುಗಳಿಗೆ ಹಗ್ಗ ಬಿಗಿದಿತ್ತು. ಉಳಿದಿದ್ದ ಕೆಲವರು ಎಂದಿನಂತೆ ಸಿಮೆಂಟು ಕಲಸುತ್ತಿದ್ದರು. ಯಲ್ಲವ್ವ ಫರಶಿಯ ಧೂಳು ಕೊಡವಿಕೊಳ್ಳುತ್ತ ಬಂದಳು.

"ಎಲ್ಲಿ ಹೋದ್ರವ್ವಾ ಎಲ್ಲಾರೂ?" ಎಂದೆ.

"ಪಂಚಮಿಗೆ ಹೋಗ್ಯಾರ್ರಿ, ತವರಿಗೆ. ಅಣ್ಣದೇರು ಬಂದು ಕರ್ಕೊಂಡು ಹೋದ್ರು." ನನ್ನ ಮುಖವನ್ನೇ ನೋಡಿ, "ನೀವು ನಮ್ಮ ಕಡೀಯವ್ರ ಹೌದಲ್ರಿ? ನಿಮಗ ಗೊತ್ತಿಲ್ಲೇನ್ರಿ?" ಎಂದಳು.

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಅವ್ವ ಹೋದ ಮೇಲೆ ನನ್ನನ್ನು ಪಂಚಮಿಗೆ ಕರೆಯುವವರು ಇರಲಿಲ್ಲ. ಕರೆಯುವವರಿಲ್ಲದ ಹಬ್ಬ ಮೆಲ್ಲಗೆ ಮನಸ್ಸಿನಿಂದಲೂ ಜಾರಿಹೋಗಿತ್ತು.

ವೈಶಾಲಿ ಸಿಮೆಂಟಿನ ಚೀಲದ ಮೇಲೆ ಕೂತುಬಿಟ್ಟಳು. ನಮ್ಮ ವ್ಯವಹಾರದಲ್ಲಿ ಎರಡನೇ ಅಳತೆಗೆ ಸಿಗದವರನ್ನು ಕೈತಪ್ಪಿದವರು ಎನ್ನುತ್ತಾರೆ. ಒಬ್ಬಿಬ್ಬರು ಕೈತಪ್ಪಿದರೆ ಸಮಿತಿ ಸಹಿಸುತ್ತದೆ. ಅರ್ಧ ಜನ ಕೈತಪ್ಪಿದರೆ ಸಂಶೋಧಕರಿಗೆ ಕೆಲಸ ಬರುವುದಿಲ್ಲವೆಂದೇ ಅರ್ಥ. ಹೊಸ ಗುಂಪು ಹಿಡಿದು ಮತ್ತೆ ಶುರುಮಾಡಲು ಸಂದರ್ಶನಕ್ಕೆ ಮೊದಲು ಕಾಲವಿರಲಿಲ್ಲ. "ಅಪ್ಪ ಬೋರ್ಡು ಬರೆಸಿ ಒಳ್ಳೇದು ಮಾಡಿದ್ರು" ಎಂದಳು. ಯಲ್ಲವ್ವ ನಮಗೆ ಚಹಾ ತಂದುಕೊಟ್ಟಳು, ತಟ್ಟೆಯಲ್ಲಿ ಒಂದೊಂದು ಶೇಂಗಾದ ಉಂಡಿ. ತಿನ್ನಲು ಮನಸ್ಸಿಲ್ಲದಿದ್ದರೂ ತಿಂದೆವು. ತಿನ್ನುತ್ತ ತಿನ್ನುತ್ತ ವೈಶಾಲಿ ತಲೆ ಎತ್ತಿ, "ಅಲ್ಲಿ ಹೋಗಿ ಏನು ಮಾಡ್ತಾರೆ ಅಂತ ಕೇಳಿ ಮೇಡಂ. ಅಲ್ಲೂ ಸಿಮೆಂಟಿನ ಕೆಲಸಕ್ಕೆ ಹೋಗ್ತಾರಾ?" ಎಂದಳು.

ಕೇಳಿದೆ. ಯಲ್ಲವ್ವನಿಗೆ ಅದು ತಮಾಷೆಯೆನಿಸಿತು. "ತವರಾಗ ಯಾರ್ ಕೆಲಸಾ ಹಚ್ತಾರ್ರಿ? ಜೋಕಾಲಿ ಆಡೂದು, ಉಂಡಿ ತಿನ್ನೂದು, ಹೊತ್ತೇರೂತನಕ ಮಲಗೂದು. ಎಳ್ಳಷ್ಟೂ ಧೂಳ ಮುಟ್ಟೂದಿಲ್ರಿ. ಹಬ್ಬ ಮುಗಿಸಿ ಬರ್ತಾರ."

ಇದನ್ನು ಮರಾಠಿಯಲ್ಲಿ ಹೇಳುತ್ತಿದ್ದಂತೆ ವೈಶಾಲಿ ಎದ್ದು ನಿಂತಳು. ಚಹಾ ಚೆಲ್ಲಿತು. "ಮೇಡಂ, ಉಳಿದವರನ್ನ ಇವತ್ತು ಅಳೆಯೋಣ. ಹೋದವರನ್ನ ಅವರು ಬಸ್ಸಿಳಿದು ಬಂದ ದಿನವೇ ಅಳೆಯೋಣ, ಧೂಳಿಗೆ ಕಾಲಿಡೋಕೆ ಮುಂಚೆ. ಆ ದಿನ ಇವರನ್ನೂ ಇನ್ನೊಮ್ಮೆ ಅಳೆಯೋಣ. ಕೆಲವರಿಗೆ ಧೂಳು ತಪ್ಪಿದೆ, ಕೆಲವರಿಗೆ ತಪ್ಪಿಲ್ಲ. ನಾನಾಗಿ ಯಾರಿಗೂ ಕೆಲಸ ಬಿಡಿ, ಊರಿಗೆ ಹೋಗಿ ಅಂತ ಹೇಳೋಕಾಗ್ತಿರಲಿಲ್ಲ. ನಿಮ್ಮ ಹಬ್ಬವೇ ಹೇಳಿಬಿಟ್ಟಿದೆ" ಎಂದಳು. ನೈತಿಕ ಸಮಿತಿಗೆ ಆ ಸಂಜೆಯೇ ಬರೆದು ಬದಲಾವಣೆಗೆ ಒಪ್ಪಿಗೆ ತೆಗೆದುಕೊಂಡಳು. ಹಬ್ಬ ಮುಗಿಸಿ ಹೆಂಗಸರು ಒಬ್ಬೊಬ್ಬರೇ ಬಂದಂತೆ ಮೇಸ್ತ್ರಿ ಫೋನು ಮಾಡುವನು, ಅವಳು ಓಡುವಳು. ಬಂದವರು ಗಂಟು ಕೆಳಗಿಟ್ಟು ಊದಿದರು. ಹೆಚ್ಚಿನವರ ಮುಳ್ಳು ಮೊದಲಿಗಿಂತ ಮುಂದೆ ಹೋಯಿತು. ಊರಿಗೆ ಹೋಗದೆ ಉಳಿದವರದು ಇದ್ದಲ್ಲೇ ಇತ್ತು, ಯಲ್ಲವ್ವನದಂತೂ ಕದಲಲೇ ಇಲ್ಲ.

ಆಕೆ ಪಕ್ಕದಲ್ಲಿ ನಿಂತು ಎಲ್ಲ ನೋಡಿದಳು. "ತವರಿಗೆ ಹೋಗಿ ಬಂದೋರ ಉಸುರು ತುಂಬ್ಯಾದ ಅಂತೀರಿ, ಖರೇ?" ಎಂದು ಕೇಳಿದಳು. ಹಾಗೆ ಕಾಣುತ್ತದೆ ಎಂದೆ. "ನಮ್ಮವ್ವ ಇಲ್ಲ. ಅಣ್ಣ ಕರಿಲಾಕ ಬರೂದಿಲ್ಲ. ತವರಿಲ್ಲದೋರು ಏನ್ ಮಾಡಬೇಕ್ರಿ ಬಾಯಾರ?"

ಅದನ್ನು ವೈಶಾಲಿಗೆ ಮರಾಠಿಯಲ್ಲಿ ಹೇಳಿದೆ. ಬಸ್ ನಿಲ್ದಾಣಕ್ಕೆ ನನ್ನನ್ನು ಬಿಡುವಾಗ, "ನನ್ನ ಯೋಜನೆಯಲ್ಲಿ ಇದಕ್ಕೆ ಉತ್ತರ ಇಲ್ಲ ಮೇಡಂ. ಬರೀ ಅಳೆಯೋದಿದೆ. ಬದಲಾಯಿಸ್ತೀನಿ" ಎಂದಳು. ಊರಿಗೆ ಹೋಗದೆ, ಕೆಲಸ ಮಾಡುವ ಜಾಗದಲ್ಲೇ ಧೂಳು ತಗ್ಗಿಸಿದರೆ ಉಸಿರು ತಿರುಗಿ ಬರುತ್ತದೆಯೇ ಎಂಬುದು ಹೊಸ ಪ್ರಶ್ನೆಯಾಯಿತು.

ಸಂದರ್ಶನಗಳು ಈಗ ವಿಡಿಯೋದಲ್ಲಿ ನಡೆಯುತ್ತವೆ. ವೈಶಾಲಿಯದು ಸಂಭಾಜಿನಗರದ ನಮ್ಮ ಮೇಜಿನಿಂದಲೇ ಆಯಿತು. ಸಂಪರ್ಕ ಕಡಿದರೆ ಸರಿಪಡಿಸಲೆಂದು ನಾನು ಅದೇ ಕೋಣೆಯಲ್ಲಿ, ಕ್ಯಾಮೆರಾಕ್ಕೆ ಕಾಣದಂತೆ ಕೂತಿದ್ದೆ. ಸಮಿತಿಗೆ ಅದು ಗೊತ್ತಿತ್ತು, ಬಾಯಿ ಬಿಡಬಾರದೆಂಬ ಷರತ್ತಿತ್ತು. ಬಾಯಿ ಬಿಡದೆ ಕೂರುವುದು ನನಗೆಷ್ಟು ಕಷ್ಟವೆಂದು ನನ್ನನ್ನು ಬಲ್ಲವರು ಊಹಿಸಬಹುದು. ಪರದೆಯ ಚೌಕಗಳಲ್ಲಿ ಸದಸ್ಯರು ಒಬ್ಬೊಬ್ಬರಾಗಿ ಕೇಳುತ್ತಿದ್ದರು. ಮೂಲೆಯ ಚೌಕದಲ್ಲಿ ಬಿಳಿ ಕೂದಲಿನ ಒಬ್ಬರು ಕಣ್ಣು ಮುಚ್ಚಿ ಕೂತಿದ್ದರು. ನನಗೆ ಜೋಶಿ ಸಾಹೇಬರ ನೆನಪಾಯಿತು.

ಮೂಲೆಯ ಚೌಕದವರು ಕಣ್ಣು ಬಿಟ್ಟರು. "ಎರಡನೇ ಅಳತೆಗೆ ನಿಮಗೆ ಅರ್ಧ ಜನ ಕೈತಪ್ಪಿದ್ದಾರೆ. ಇದನ್ನು ಹೇಗೆ ಸಮರ್ಥಿಸುತ್ತೀರಿ?"

"ಕೈತಪ್ಪಿಲ್ಲ ಸರ್. ತವರಿಗೆ ಹೋಗಿದ್ದರು" ಎಂದಳು ವೈಶಾಲಿ. "ಬಂದ ಮೇಲೆ ಎಲ್ಲರನ್ನೂ ಅಳೆದಿದ್ದೇನೆ."

ಒಂದಿಬ್ಬರು ನಕ್ಕರು. ಬಿಳಿ ಕೂದಲಿನವರು ನಗಲಿಲ್ಲ. "ಊದಿ ಊದಿ ಅಭ್ಯಾಸವಾಗಿ ಅಳತೆ ಹೆಚ್ಚಾಗಿರಬಹುದಲ್ಲ?" ಎಂದರು. ಊರಿಗೆ ಹೋಗದೆ ಉಳಿದವರು ಹೋದವರಿಗಿಂತ ಹೆಚ್ಚು ಸಲ ಊದಿದ್ದಾರೆ, ಆದರೂ ಅವರದು ಹೆಚ್ಚಾಗಿಲ್ಲ ಎಂದಳು ವೈಶಾಲಿ. "ಹೋದವರೂ ಉಳಿದವರೂ ಒಂದೇ ತರಹದವರಲ್ಲವಲ್ಲ? ಹೋದವರು ಚಿಕ್ಕವರು, ಗಟ್ಟಿಮುಟ್ಟಾದವರು ಇರಬಹುದು" ಎಂದು ಅವರು ಮತ್ತೆ ಕೇಳಿದರು. ತೂತು ಅದೇ. ತಾಲೀಮಿನಲ್ಲಿ ನಾವು ಅದಕ್ಕೆ ಏನೇನೋ ತೇಪೆ ಹಾಕಿದ್ದೆವು. ವೈಶಾಲಿ ಆ ತೇಪೆಗಳಲ್ಲಿ ಒಂದನ್ನೂ ಬಳಸಲಿಲ್ಲ.

"ಒಂದೇ ತರಹದವರಲ್ಲ ಸರ್. ಉಳಿದವರಲ್ಲಿ ಹೆಚ್ಚಿನವರು ವಯಸ್ಸಾದವರು, ಕರೆಯೋಕೆ ಅಣ್ಣ ಬಾರದವರು. ಆ ವ್ಯತ್ಯಾಸವನ್ನು ಲೆಕ್ಕದಲ್ಲಿ ಹೇಗೆ ಸರಿದೂಗಿಸಬೇಕು ಅಂತ ನನಗೆ ಬರೋದಿಲ್ಲ. ಅದನ್ನು ಕಲಿಯೋಕೇ ಈ ತರಬೇತಿ ಕೇಳ್ತಿದ್ದೀನಿ. ನನಗೆ ಒಬ್ಬರು ಪ್ರಶ್ನೆ ಕೇಳಿದ್ದಾರೆ: ತವರಿಲ್ಲದವರು ಏನು ಮಾಡಬೇಕು ಅಂತ. ಉತ್ತರ ಕೊಡದೆ ನಾನು ಆ ಜಾಗಕ್ಕೆ ಮತ್ತೆ ಹೋಗೋ ಹಾಗಿಲ್ಲ."

ಅವರು ಏನೋ ಬರೆದುಕೊಂಡು ಮತ್ತೆ ಕಣ್ಣು ಮುಚ್ಚಿದರು. ಪರದೆ ಆರಿತು. ವೈಶಾಲಿ ಮೇಜಿನ ಮೇಲೆ ತಲೆಯಿಟ್ಟು, "ಬರೋದಿಲ್ಲ ಅಂದುಬಿಟ್ಟೆ ಮೇಡಂ, ಬರೋದಿಲ್ಲ ಅಂತ ಸಮಿತಿ ಎದುರು ಅಂದುಬಿಟ್ಟೆ" ಎಂದು ಅತ್ತಳು. ನಾನು ಅಷ್ಟು ಹೊತ್ತು ಹಿಡಿದಿಟ್ಟ ಬಾಯಿಯನ್ನು ಬಿಟ್ಟು, ಅದಕ್ಕಿಂತ ಒಳ್ಳೆಯ ಉತ್ತರವನ್ನು ನನ್ನ ನೌಕರಿಯಲ್ಲಿ ಕೇಳಿಲ್ಲವೆಂದು ಬೈದೆ.

ಆಯ್ಕೆಯಾಯಿತು. ಫಲಿತಾಂಶ ಬಂದ ವಾರ ಅವಳ ಅಪ್ಪ ದಾಳಿಂಬೆಯ ಪೆಟ್ಟಿಗೆ ಹೊತ್ತು ಸಂಭಾಜಿನಗರಕ್ಕೆ ಬಂದರು. ನಾನು ಹೆದರುತ್ತಲೇ ಬೋರ್ಡಿನ ಮಾತೆತ್ತಿದೆ. "ಬೋರ್ಡು ಕೊಳೆಯೋ ಮಾಲಲ್ಲ ತಾಯಿ, ಇರಲಿ ಬಿಡಿ. ಹೆಸರಿನ ಕೆಳಗೆ ಒಂದಿಷ್ಟು ಜಾಗ ಖಾಲಿ ಇದೆ, ಹೊಸದಾಗಿ ಏನು ಕಲಿತಳು ಅಂತ ಬರೆಸಿದರಾಯ್ತು" ಎಂದು ನಕ್ಕರು.

ಹೊಸದಾಗಿ ಈ ಕೆಲಸಕ್ಕೆ ಬಂದವರೇ, ನಿಮ್ಮ ಮುಂದೆ ಅರ್ಜಿಯೊಂದು ಬಂದಾಗ ಅದರ ಹಿಂದೆ ಇಂಥ ಒಂದು ಪಡಸಾಲೆ, ಇಂಥ ಒಂದು ಬೋರ್ಡು ಇರಬಹುದು. ಆಯ್ಕೆ ನಿಮ್ಮ ಕೈಯಲ್ಲಿಲ್ಲ. ಆದರೆ ಅಭ್ಯರ್ಥಿಗಳು ತಮಗೆ ಬಾರದ್ದನ್ನು ಬಾರದು ಎಂದು ಧೈರ್ಯವಾಗಿ ಹೇಳುವಂತೆ ಮಾಡುವುದು ನಿಮ್ಮ ಕೈಯಲ್ಲಿದೆ. ತರಬೇತಿ ಎಂಬುದು ಇರುವುದೇ ಅಂಥವರಿಗಾಗಿ.

ವೈಶಾಲಿ ತರಬೇತಿಗೆ ಹೋದಳು, ನಾನು ನಿವೃತ್ತಳಾದೆ. ಅವಳು ಕಲಿತು ಬಂದು, ಚಿಕಲಠಾಣಾದಲ್ಲೇ ಕೆಲಸ ಶುರುಮಾಡಿದಳು. ಫರಶಿ ಕೊಯ್ಯುವ ಯಂತ್ರಕ್ಕೆ ಸಣ್ಣ ನೀರಿನ ಕೊಳವೆ ಹಚ್ಚಿಸಿದಳು, ಧೂಳು ಏಳುವ ಮೊದಲೇ ಕೆಸರಾಗಿ ಇಳಿಯುತ್ತದೆ. ಸಿಮೆಂಟು ಕಲಸುವ ಜಾಗವನ್ನು ಗಾಳಿ ನೋಡಿ ಬದಲಿಸಿದಳು. ಗುತ್ತಿಗೆದಾರನನ್ನು ಒಪ್ಪಿಸಲು ಏನೆಲ್ಲ ಪಾಡುಪಟ್ಟಳೆಂಬುದು ಅವಳೇ ಎಂದಾದರೂ ಬರೆಯಬೇಕಾದ ಕತೆ.

ಕಳೆದ ಪಂಚಮಿಗೆ ನನ್ನನ್ನೂ ಕರೆದಳು. "ಅಣ್ಣನ ಬದಲು ನಾನು ಕರೀತಿದ್ದೀನಿ, ಬನ್ನಿ" ಎಂದಳು. ಇಷ್ಟು ವರ್ಷಗಳ ಮೇಲೆ ಪಂಚಮಿಗೆ ನನಗೊಂದು ಕರೆ ಬಂತೆಂದು ಉಂಡಿ ಕಟ್ಟಿಕೊಂಡು ನಾಶಿಕದಿಂದ ಬಸ್ಸು ಹತ್ತಿದೆ. ಅರ್ಧ ಶೆಡ್ಡುಗಳ ಬಾಗಿಲಿಗೆ ಹಗ್ಗ ಬಿಗಿದಿತ್ತು. ಉಳಿದವರು ಶೆಡ್ಡುಗಳ ಹಿಂದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಊಟದ ಬಿಡುವಿನಲ್ಲಿ ಯಲ್ಲವ್ವ ಜೀಕುತ್ತಿದ್ದಳು. ನನ್ನನ್ನು ಕಂಡು ಇಳಿದು ಬಂದಳು, ಕೈಯಲ್ಲಿದ್ದ ಉಂಡಿ ಬಿಡಲಿಲ್ಲ.

ವೈಶಾಲಿ ಯಂತ್ರ ಕೊಟ್ಟಳು. ಯಲ್ಲವ್ವ ಸೆರಗು ಸರಿಮಾಡಿಕೊಂಡು, ಎದೆ ತುಂಬ ಎಳೆದುಕೊಂಡು ಊದಿದಳು. ಮುಳ್ಳು ಹಳೆಯ ಗುರುತನ್ನು ದಾಟಿ ಮುಂದೆ ಸರಿದು ನಿಂತಿತು.

ವೈಶಾಲಿ ನನ್ನ ಕಡೆ ನೋಡಿ ಮರಾಠಿಯಲ್ಲಿ, "ಏನೂ ಹೇಳಬೇಡಿ ಮೇಡಂ. ಒಬ್ಬರದು, ಒಂದೇ ಸಲ ಊದಿದ್ದು. ಇದರಿಂದ ಏನೂ ಸಾಬೀತಾಗೋದಿಲ್ಲ. ಎಲ್ಲರದೂ ಮುಗಿಯಲಿ" ಎಂದಳು. ಸರಿಯಾಗಿಯೇ ಹೇಳಿದಳು. ಹಾಗೆ ಹೇಳಬೇಕೆಂದು ಅವಳಿಗೆ ಕಲಿಸಿದವರಲ್ಲಿ ನಾನೂ ಒಬ್ಬಳು. ಆದರೆ ಅವಳ ಕಣ್ಣುಗಳು ತುಂಬಿದ್ದವು.

ಯಲ್ಲವ್ವ ನಮ್ಮಿಬ್ಬರ ಮುಖ ನೋಡಿ, ಕೊನೆಗೆ ನನ್ನ ಕೈ ಹಿಡಿದುಕೊಂಡಳು. "ನಾ ಎಲ್ಲಿಗೂ ಹೋಗಿಲ್ರಿ ಬಾಯಾರ, ಇಲ್ಲೇ ಇದ್ದೆ. ಹೋಗಿ ಬಂದೋರಷ್ಟು ಬಂತೇನ್ರಿ?"

ನಾನು ನಿವೃತ್ತಳಾಗಿದ್ದೆ. ಇನ್ನು ಯಾವ ಸಮಿತಿಗೂ ನಾನು ಉತ್ತರ ಕೊಡಬೇಕಾಗಿರಲಿಲ್ಲ.

"ಬಂತವ್ವಾ, ಬಂತು" ಎಂದೆ.